ಕೊಟ್ಟಿಗೆಯ ಎತ್ತೆಲ್ಲ ನೊಗಕ್ಕೆ ಬರುವುದಿಲ್ಲ

ಪ್ರಶ್ನೆ: ಗ್ಲೋಬಲ್ ಫೈರ್‌ಪವರ್‌ನವರ 2025ರ ಸೇನಾಬಲದ ಪಟ್ಟಿಯಲ್ಲಿ ಭಾರತ 4ನೇ ಸ್ಥಾನದಲ್ಲಿದೆ, ಪಾಕಿಸ್ತಾನ 12ನೇ ಸ್ಥಾನದಲ್ಲಿದೆ ಎಂದು ಟಿವಿಯಲ್ಲಿ ತೋರಿಸಿದರು. ಆದರೆ ನಮ್ಮ ವಾಯುಪಡೆಯಲ್ಲಿ 42 ಸ್ಕ್ವಾಡ್ರನ್ (ಯುದ್ಧವಿಮಾನಗಳ ತಂಡ) ಇರಬೇಕಾದಲ್ಲಿ 29 ಮಾತ್ರ ಉಳಿದಿವೆ ಎಂದು ಪತ್ರಿಕೆಯಲ್ಲಿ ಓದಿದೆ. ಒಂದನ್ನು ಕೇಳಿದರೆ ಧೈರ್ಯ, ಇನ್ನೊಂದನ್ನು ಕೇಳಿದರೆ ಭಯ. ಯಾವುದನ್ನು ನಂಬಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಎರಡೂ ಸುಳ್ಳಲ್ಲ. ಆದರೆ ಎರಡೂ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತುಗಳ ಲೆಕ್ಕ. ಮಳೆ ಬಿದ್ದ ದಿನ ಎಷ್ಟು ಜೋಡಿ ನೊಗಕ್ಕೆ ಬರುತ್ತವೆ, ಬಣವೆಯಲ್ಲಿ ಎಷ್ಟು ದಿನದ ಮೇವಿದೆ ಎಂಬುದು ಬೇರೆಯೇ ಲೆಕ್ಕ.

ಮೊದಲು ಆ ಪಟ್ಟಿಯ ವಿಷಯ ಮುಗಿಸಿಬಿಡುತ್ತೇನೆ. ಅದರಲ್ಲಿ ಜನಸಂಖ್ಯೆ, ಬಂದರು, ತೈಲ, ಟ್ಯಾಂಕ್ ಎಲ್ಲವನ್ನೂ ಕೂಡಿಸಿ ಒಂದು ಅಂಕ ಕೊಡುತ್ತಾರೆ. ಅಣ್ವಸ್ತ್ರಗಳನ್ನು ಮಾತ್ರ ಎಣಿಸುವುದಿಲ್ಲ. ಭಾರತ ಮತ್ತು ಪಾಕಿಸ್ತಾನಗಳ ನಡುವೆ ಇದು ಸಣ್ಣ ಕೊರತೆಯಲ್ಲ. ಸೇನಾ ವೆಚ್ಚ, ಶಸ್ತ್ರಾಸ್ತ್ರಗಳ ಲೆಕ್ಕವಿಡುವ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಸೇನೆಗೆ ಭಾರತ ಖರ್ಚು ಮಾಡಿದ್ದು ಪಾಕಿಸ್ತಾನದ ಎಂಟು ಪಟ್ಟಿಗಿಂತ ಹೆಚ್ಚು. ಆದರೆ 2025ರ ಆರಂಭಕ್ಕೆ ಅಣ್ವಸ್ತ್ರ ಸಿಡಿತಲೆಗಳು ನಮ್ಮಲ್ಲಿ 180, ಅವರಲ್ಲಿ 170. ದುಡ್ಡಿನಲ್ಲಿ ಕಾಣುವ ಅಂತರ ಇಲ್ಲಿ ಹೆಚ್ಚುಕಡಿಮೆ ಅಳಿಸಿಹೋಗಿದೆ.

ಈಗ ಸನ್ನದ್ಧತೆಗೆ ಬರೋಣ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದ ಬಳಿಕ ಸರ್ಕಾರ ಸೇನೆಯನ್ನು ಗಡಿಗೆ ಕಳುಹಿಸಲು ತೀರ್ಮಾನಿಸಿತು. ಅದೇ ಆಪರೇಷನ್ ಪರಾಕ್ರಮ. ಶತ್ರುವಿನ ನೆಲಕ್ಕೆ ನುಗ್ಗಬೇಕಾದ ನಮ್ಮ ಮೂರು ಸ್ಟ್ರೈಕ್ ಕೋರ್‌ಗಳ (ದಾಳಿಗೆಂದೇ ಇರುವ ದೊಡ್ಡ ಪಡೆಗಳ) ಠಿಕಾಣಿ ಮಥುರಾ, ಅಂಬಾಲಾ ಮತ್ತು ಭೋಪಾಲ್. ಭೋಪಾಲ್ ಎಲ್ಲಿ, ರಾಜಸ್ಥಾನದ ಗಡಿ ಎಲ್ಲಿ! ಟ್ಯಾಂಕುಗಳು ರೈಲು ಹತ್ತಬೇಕು, ಇಳಿಯಬೇಕು, ಹಿಂದೆಯೇ ಇಂಧನ ಮತ್ತು ಮದ್ದುಗುಂಡು ಬರಬೇಕು. ಇಷ್ಟಕ್ಕೆ ಸುಮಾರು ಮೂರು ವಾರ ಹಿಡಿಯಿತು. ಸಿಯಾಲ್‌ಕೋಟ್, ಗುಜ್ರಾನ್‌ವಾಲಾ, ಲಾಹೋರ್‌ಗಳಲ್ಲಿ ಬೀಡುಬಿಟ್ಟ ಪಾಕಿಸ್ತಾನದ ಪಡೆಗೆ ಗಡಿ ಹಿತ್ತಿಲಿನಷ್ಟು ಹತ್ತಿರ. ನಾವು ಸಜ್ಜಾಗುವ ಹೊತ್ತಿಗೆ ಅವರೂ ಸಜ್ಜಾಗಿದ್ದರು. ಅಮೆರಿಕದ ಒತ್ತಡ ಬಂತು, ಜನವರಿ 12ರಂದು ಪಾಕಿಸ್ತಾನದ ಅಧ್ಯಕ್ಷ ಮುಷರಫ್ ಉಗ್ರರನ್ನು ಹತ್ತಿಕ್ಕುವುದಾಗಿ ಭಾಷಣ ಮಾಡಿದರು, ಹೊಡೆಯುವ ಗಳಿಗೆ ಕೈತಪ್ಪಿತು. ಟಿವಿಯ ಎರಡು ಕಾಲಂ ಪಟ್ಟಿಯಲ್ಲಿ ಆಗಲೂ ನಾವೇ ಮುಂದಿದ್ದೆವು.

ಮೇವಿನ ಕಥೆ ಇದಕ್ಕಿಂತ ಕಹಿ. 40 ದಿನಗಳ ತೀವ್ರ ಯುದ್ಧಕ್ಕೆ ಸಾಕಾಗುವಷ್ಟು ಮದ್ದುಗುಂಡು ಸಂಗ್ರಹದಲ್ಲಿರಬೇಕು ಎಂಬುದು ನಮ್ಮ ಸೇನೆಯ ನಿಯಮ. 2017ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರದ ಲೆಕ್ಕಪರಿಶೋಧಕರ) ವರದಿ 152 ಬಗೆಯ ಮದ್ದುಗುಂಡುಗಳನ್ನು ಪರಿಶೀಲಿಸಿ, ಶೇ 40ರಷ್ಟು ಬಗೆಗಳ ದಾಸ್ತಾನು ಹತ್ತು ದಿನಕ್ಕೂ ಸಾಲದು ಎಂದಿತು. ಫಿರಂಗಿ ಎಷ್ಟೇ ಇರಲಿ, ಹನ್ನೊಂದನೆಯ ದಿನ ಅದು ಬರೀ ಕಬ್ಬಿಣ. ಸೇನೆಯ ಉಪಮುಖ್ಯಸ್ಥರಿಗೆ ತುರ್ತು ಖರೀದಿಯ ಅಧಿಕಾರ ಸಿಕ್ಕಿದ್ದೂ ಅದೇ ವರ್ಷ.

ಎಣಿಕೆಯಲ್ಲಿ ಬಾರದ ಇನ್ನೊಂದು ಸಂಗತಿ ನೆಲ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ಕಡೆಯಿಂದ ನುಗ್ಗಿದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕಾಗದದ ಮೇಲೆ ನಮ್ಮ ಶೆರ್ಮನ್‌ಗಳಿಗಿಂತ ಎಷ್ಟೋ ಮೇಲು. ಅಸಲ್ ಉತ್ತರ್ ಬಳಿ ನಮ್ಮವರು ಹೊಲಗಳಿಗೆ ಕಾಲುವೆ ನೀರು ಬಿಟ್ಟು, ಆಳೆತ್ತರದ ಕಬ್ಬಿನ ಮರೆಯಲ್ಲಿ ಕಾದು ಕುಳಿತರು. ಕೆಸರಿನಲ್ಲಿ ಹೂತ ಪ್ಯಾಟನ್‌ಗಳು ಒಂದೊಂದಾಗಿ ಗುರಿಯಾದವು. ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ, ಟ್ಯಾಂಕ್ ಹೊಡೆಯುವ ರಿಕಾಯಿಲ್‌ಲೆಸ್ ಗನ್‌ನಿಂದಲೇ ಹಲವು ಟ್ಯಾಂಕುಗಳನ್ನು ಹೊಡೆದು ಅಲ್ಲಿಯೇ ಪ್ರಾಣ ಬಿಟ್ಟರು; ಮರಣೋತ್ತರ ಪರಮವೀರ ಚಕ್ರ ಬಂತು. ಚೀನಾದ ವಿಷಯದಲ್ಲೂ ನೆಲ ಮರೆಯಬಾರದು. ಅವರ ಒಟ್ಟು ವಿಮಾನಗಳ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳುವ ಮೊದಲು, ಟಿಬೆಟ್‌ನ ವಿಮಾನ ನಿಲ್ದಾಣಗಳು ಎಷ್ಟು ಎತ್ತರದಲ್ಲಿವೆ ಎಂದು ನೋಡಿ. ಅಲ್ಲಿನ ತೆಳುಗಾಳಿಯಲ್ಲಿ ವಿಮಾನ ಪೂರ್ತಿ ಇಂಧನ, ಪೂರ್ತಿ ಬಾಂಬು ಹೊತ್ತು ಮೇಲೇರಲಾರದು.

ಇನ್ನು ನಿಮ್ಮ ಭಯಕ್ಕೆ. 42 ಎಂಬುದು ಚೀನಾ ಮತ್ತು ಪಾಕಿಸ್ತಾನ ಎರಡನ್ನೂ ಮನಸ್ಸಿನಲ್ಲಿಟ್ಟು ಮಾಡಿದ ಅಂದಾಜು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಗಳಿಗೆ ವಿದಾಯ ಹೇಳಿದ ಮೇಲೆ ಉಳಿದದ್ದು 29. ಹಾಗೆಂದು ಆ ದಿನ ಬೆಳಗಿನಿಂದ ಸಂಜೆಯೊಳಗೆ ನಮ್ಮ ಬಲ ಕುಸಿಯಲಿಲ್ಲ. 1960ರ ದಶಕದಲ್ಲಿ ಬಂದ ಮಾದರಿಯ ವಿಮಾನಗಳನ್ನು ಎಣಿಸಿಕೊಂಡು ಸಮಾಧಾನಪಡುತ್ತಿದ್ದೆವು, ಅಷ್ಟೇ. ನನಗೆ ಚಿಂತೆ ಇರುವುದು ವಿಮಾನ ತಯಾರಿಸುವ ಬೆಂಗಳೂರಿನ ಎಚ್‌ಎಎಲ್ ಕಡೆಗೆ. 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾದದ್ದು 2021ರ ಫೆಬ್ರುವರಿಯಲ್ಲಿ. ಮೊದಲ ವಿಮಾನ 2024ರ ಮಾರ್ಚ್ ಹೊತ್ತಿಗೆ ವಾಯುಪಡೆಯ ಕೈಸೇರಬೇಕಿತ್ತು. ಆ ವಿಮಾನಗಳಿಗೆ ಬೇಕಾದ ಮೊದಲ ಎಂಜಿನ್ ಅಮೆರಿಕದಿಂದ ಬಂದದ್ದೇ 2025ರ ಮಾರ್ಚ್ ಕೊನೆಗೆ. ಸ್ಕ್ವಾಡ್ರನ್‌ಗಳ ಸುದ್ದಿ ಮತ್ತೆ ಓದುವಾಗ 29 ಮೂವತ್ತಾಯಿತೇ ಎಂದು ನೋಡುವ ಮೊದಲು, ಆ ತಿಂಗಳು ಎಷ್ಟು ಎಂಜಿನ್ ಬಂದಿಳಿದವು ಎಂದು ಹುಡುಕಿ.