ಪುಟ್ಟ ಮಕ್ಕಳ ಜೊತೆ ಸಿಂಗಾಪುರ: ಥೀಮ್ ಪಾರ್ಕ್ ಬಿಟ್ಟು ಊರನ್ನೇ ತೋರಿಸಬಹುದಾ?

ನಾಲ್ಕು ಮತ್ತು ಎರಡು ವರ್ಷದ ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನಕ್ಕೆ ಹೋಗುತ್ತಿದ್ದೀರಿ. ಥೀಮ್ ಪಾರ್ಕುಗಳಿರುವ ಸೆಂಟೋಸಾ ದ್ವೀಪ ಒಂದನ್ನೇ ನೋಡಿ ಬರೋದು ಬೇಡ, ಅಲ್ಲಿನ ಚೀನಿ, ಮಲಯ, ತಮಿಳು ಜನರ ಬದುಕನ್ನೂ ಮಕ್ಕಳಿಗೆ ತೋರಿಸಬೇಕು, ಅವರಿಗೆ ಸುಸ್ತಾಗಬಾರದು, ಸ್ಟ್ರಾಲರ್ (ಮಕ್ಕಳನ್ನು ಕೂರಿಸಿ ತಳ್ಳೋ ಗಾಡಿ) ಒಯ್ಯಬೇಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. ನಮ್ಮ ಮಕ್ಕಳು ಇದೇ ವಯಸ್ಸಿನವರಿದ್ದಾಗ ನಾವು ಅಲ್ಲೇ ಇದ್ದೆವು. ಮನೆಗೆ ಬಂದ ನೆಂಟರ ಮಕ್ಕಳನ್ನೂ ಇದೇ ರೀತಿ ಸುತ್ತಿಸಿದ್ದೇನೆ.

ಮೊದಲು ಗಡಿಯಾರದ ವಿಷಯ. ಸಿಂಗಾಪುರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ 7 ಅಂದರೆ ನಿಮ್ಮ ಮಕ್ಕಳ ನಿದ್ದೆಗೆ ಇನ್ನೂ ನಾಲ್ಕೂವರೆ. ಮೊದಲೆರಡು ದಿನ ಬೆಳಿಗ್ಗೆ ಬೇಗ ಎಬ್ಬಿಸೋಕೆ ಹೋಗಬೇಡಿ. ಇದರಿಂದ ಒಂದು ಲಾಭವೂ ಇದೆ. ಗಾರ್ಡನ್ಸ್ ಬೈ ದ ಬೇನಲ್ಲಿ ದೊಡ್ಡ ಲೋಹದ ಮರಗಳ ಕೆಳಗೆ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಬೆಳಕು, ಸಂಗೀತದ ಆಟ ನಡೆಯುತ್ತದೆ, ಟಿಕೆಟ್ ಇಲ್ಲ. ಎರಡನೇ ಆಟ ಮುಗಿದರೂ ನಿಮ್ಮ ಮಕ್ಕಳ ಲೆಕ್ಕದಲ್ಲಿ ಇನ್ನೂ ಸಂಜೆಯೇ. ಬಂದ ದಿನವೇ ಅಲ್ಲಿಗೆ ಹೋಗಿ. ಅದೇ ತೋಟದಲ್ಲಿ ಮಕ್ಕಳು ನೀರಲ್ಲಿ ಆಡೋ ಜಾಗವೂ ಇದೆ. ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಚೈನಾಟೌನ್, ಲಿಟಲ್ ಇಂಡಿಯಾ, ಮಲಯರ ಹಳೇ ಕೇರಿ ಕಂಪೊಂಗ್ ಗ್ಲಾಮ್, ಮೂರನ್ನೂ ಒಂದೇ ದಿನ ಮುಗಿಸೋ ಪ್ಯಾಕೇಜ್‌ಗಳು ಸಿಗುತ್ತವೆ. ದಯವಿಟ್ಟು ಬೇಡ. ದಿನಕ್ಕೆ ಒಂದು ಕೇರಿ, ಅದರಲ್ಲೂ ಒಂದು ಬೀದಿ ಸಾಕು. ಒಂದನ್ನೇ ಆರಿಸಿ ಅಂದರೆ ನಾನು ಚೈನಾಟೌನಿನ ಸೌತ್ ಬ್ರಿಡ್ಜ್ ರಸ್ತೆಯನ್ನು ಹೇಳುತ್ತೇನೆ. ತಮಿಳು ಮುಸ್ಲಿಮರು ಕಟ್ಟಿದ ಜಾಮೆ ಮಸೀದಿ, 1827ರಲ್ಲಿ ಶುರುವಾದ ಮಾರಿಯಮ್ಮನ ಗುಡಿ, 2007ರಲ್ಲಿ ತೆರೆದ ಬುದ್ಧನ ಹಲ್ಲಿನ ದೇವಾಲಯ, ಮೂರೂ ಆ ಒಂದೇ ರಸ್ತೆಯಲ್ಲಿವೆ. ಎರಡು ವರ್ಷದ ಮಗುವೂ ನಡೆಯುವಷ್ಟು ದೂರ. ಚೀನಿ ಅಂಗಡಿಗಳ ನಡುವೆ ಮಾರಿಯಮ್ಮನ ಗೋಪುರ ಕಂಡಾಗ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳೋದರಲ್ಲೇ ಅರ್ಧ ದಿನ ಹೋಗುತ್ತದೆ, ಹೋಗಲಿ. ಮಧ್ಯಾಹ್ನ ಗುಡಿಯ ಬಾಗಿಲು ಹಾಕಿರುತ್ತಾರೆ, ಹಾಗಾಗಿ ಹತ್ತು ಗಂಟೆಯೊಳಗೆ ಅಲ್ಲಿರಿ. ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ. ಎಲ್ಲರೂ ಭುಜ, ಮಂಡಿ ಮುಚ್ಚೋ ಬಟ್ಟೆ ಹಾಕಿಕೊಂಡರೆ ಎಲ್ಲೂ ತೊಂದರೆ ಇಲ್ಲ.

ಲಿಟಲ್ ಇಂಡಿಯಾಕ್ಕೆ ಹೋಗುವುದಾದರೆ ಭಾನುವಾರ ಸಂಜೆ ಬಿಟ್ಟು ಬೇರೆ ಯಾವಾಗಲಾದರೂ ಹೋಗಿ. ಕಟ್ಟಡ ಕೆಲಸ ಮಾಡುವ ಸಾವಿರಾರು ಜನರಿಗೆ ವಾರಕ್ಕೆ ಸಿಗುವ ರಜೆ ಅದು, ಅವರು ಗೆಳೆಯರನ್ನು ಕಾಣೋಕೆ ಬಂದಿರುತ್ತಾರೆ. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಆ ಗುಂಪಿನಲ್ಲಿ ನುಗ್ಗೋದು ಕಷ್ಟ.

ಆದರೆ ಈ ಮೂರು ಕೇರಿ ನೋಡಿದರೆ ಸಿಂಗಾಪುರದ ಜನ ಬೆರೆತು ಬದುಕೋದನ್ನು ನೋಡಿದ ಹಾಗಾಗಲ್ಲ. ಈ ಮಾತನ್ನು ಒತ್ತಿ ಹೇಳಬೇಕು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ. ಚೀನಿಯರು ಇಲ್ಲಿ, ಮಲಯರೂ ಅರಬರೂ ಅಲ್ಲಿ ಅಂತ ಊರನ್ನು ಪಾಲು ಮಾಡಿದ್ದು ಬ್ರಿಟಿಷರ ಕಾಲದಲ್ಲಿ, 1822ರ ನಕ್ಷೆಯಲ್ಲಿ. ಈಗಿನ ಜನ ಹಾಗೆ ಬದುಕುತ್ತಿಲ್ಲ. ಹೆಚ್ಚಿನವರು ಇರೋದು ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲ್ಯಾಟುಗಳಲ್ಲಿ. ಒಂದೇ ಜನಾಂಗದವರು ಒಂದೇ ಕಡೆ ಸೇರಬಾರದು ಅಂತ 1989ರಿಂದ ಪ್ರತಿ ಬ್ಲಾಕಿಗೂ ಇಂತಿಷ್ಟು ಪಾಲು ಅಂತ ನಿಯಮ ಇದೆ. ಆ ಕಟ್ಟಡಗಳ ನೆಲಮಹಡಿಯನ್ನು ಗೋಡೆಯಿಲ್ಲದೆ ಖಾಲಿ ಬಿಟ್ಟಿರುತ್ತಾರೆ. ಮಲಯರ ಮದುವೆಯೂ ಅಲ್ಲೇ, ಚೀನಿಯರ ಸಾವಿನ ಕಾರ್ಯವೂ ಅಲ್ಲೇ. ಮಿಕ್ಕ ದಿನ ಅಜ್ಜಂದಿರು ಕೂತು ಹರಟುತ್ತಿರುತ್ತಾರೆ.

ಅದಕ್ಕೇ ಒಂದು ಸಂಜೆ ಸುಮ್ನೆ ತೋವಾ ಪಾಯೋ ಅನ್ನೋ ಎಚ್‌ಡಿಬಿ ಬಡಾವಣೆಗೆ ಹೋಗಿ. ಅಲ್ಲಿ 1979ರಲ್ಲಿ ಕಟ್ಟಿದ ಡ್ರ್ಯಾಗನ್ ಆಟದ ಮೈದಾನ ಇನ್ನೂ ಇದೆ. ತಲೆಗೆ ಬಣ್ಣದ ಟೈಲ್ಸ್, ಜೊತೆಗೆ ಜಾರುಬಂಡೆ, ಕೆಳಗೆ ಮರಳು. ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಅಷ್ಟು ದೂರ ಬೇಡ ಅನ್ನಿಸಿದರೆ ನೀವು ಉಳಿಯೋ ಜಾಗದ ಹತ್ತಿರದ ಯಾವ ಎಚ್‌ಡಿಬಿ ಮೈದಾನವಾದರೂ ಸರಿ. ಬಿಸಿಲು ಇಳಿದ ಮೇಲೆ ಹೋದರೆ ನಾನಾ ಭಾಷೆಯ ಮಕ್ಕಳು ಆಡುತ್ತಿರುತ್ತಾರೆ. ಆಡೋಕೆ ನಿಮ್ಮ ಮಕ್ಕಳಿಗೆ ಅವರ ಭಾಷೆ ಬರಬೇಕಾಗಿಲ್ಲ. ಪಕ್ಕದ ಬೆಂಚಿನಲ್ಲಿ ಕೂತ ಅಜ್ಜಿ ನಿಮ್ಮನ್ನು ಮಾತಾಡಿಸಿದರೂ ಮಾತಾಡಿಸಬಹುದು. ಯಾವ ಟಿಕೆಟ್ ಕೊಟ್ಟರೂ ಇದು ಸಿಗಲ್ಲ ಅಲ್ವಾ?

ಊಟಕ್ಕೆ ಹಾಕರ್ ಸೆಂಟರ್‌ಗಳಿಗೇ ಹೋಗಿ, ಅಂದರೆ ಒಂದೇ ಸೂರಿನಡಿ ಸಾಲಾಗಿ ಸಣ್ಣ ಊಟದ ಅಂಗಡಿಗಳಿರುವ ಜಾಗಗಳಿಗೆ. 2020ರಲ್ಲಿ ಯುನೆಸ್ಕೊ ಈ ಊಟದ ಪದ್ಧತಿಯನ್ನು ತನ್ನ ಪಟ್ಟಿಗೆ ಸೇರಿಸಿದೆ. ಒಂದೇ ಮೇಜಿನಲ್ಲಿ ಒಬ್ಬರಿಗೆ ನೂಡಲ್ಸ್, ಒಬ್ಬರಿಗೆ ದೋಸೆ, ಮಕ್ಕಳಿಗೆ ನಮ್ಮ ಪರೋಟದಂಥ ರೋಟಿ ಪ್ರಾಟಾ. ಲಿಟಲ್ ಇಂಡಿಯಾ ನಿಲ್ದಾಣದ ಪಕ್ಕದ ಟೆಕ್ಕಾ ಸೆಂಟರ್ ಸಸ್ಯಾಹಾರಿಗಳಿಗೆ ಸುಲಭ. ಪುಟು ಮಾಯಮ್ ಕಂಡರೆ ಬಿಡಬೇಡಿ. ಅದು ನಮ್ಮ ಶ್ಯಾವಿಗೆಯೇ, ತೆಂಗಿನತುರಿ, ಸಕ್ಕರೆ ಜೊತೆ ಕೊಡುತ್ತಾರೆ. ಖಾರ ಇಲ್ಲ, ಹಟಮಾಡೋ ಮಗುವೂ ತಿನ್ನುತ್ತದೆ. ಚೀನಿ, ಮಲಯ ಅಂಗಡಿಗಳಲ್ಲಿ ಮಾತ್ರ ಬರೀ ತರಕಾರಿಯಂತೆ ಕಂಡರೂ ಸಿಗಡಿ ಹಾಕಿದೆಯಾ ಅಂತ ಕೇಳಿ, ಅವರ ಚಟ್ನಿಗಳಲ್ಲಿ ಅದು ಜಾಸ್ತಿ. ತಿಂದ ತಟ್ಟೆಯನ್ನು ನಾವೇ ಎತ್ತಿಡಬೇಕು ಅಂತ ಕಾನೂನಿದೆ. ದೊಡ್ಡವನ ಕೈಗೆ ಆ ಕೆಲಸ ಕೊಡಿ, ಖುಷಿಯಿಂದ ಮಾಡುತ್ತಾನೆ.

ಸ್ಟ್ರಾಲರ್ ಖಂಡಿತ ಒಯ್ಯಿರಿ, ಹಗುರವಾದದ್ದು. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. 0.9 ಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ. ಆದರೆ ಮೆಟ್ರೊ ಒಳಗೆ ತಿನ್ನೋದು, ಕುಡಿಯೋದು ಎರಡೂ ತಪ್ಪು, 500 ಸಿಂಗಾಪುರ ಡಾಲರ್‌ವರೆಗೆ ದಂಡ. ಹತ್ತೋ ಮೊದಲೇ ಮಕ್ಕಳಿಗೆ ನೀರು ಕುಡಿಸಿ. ಮಳೆ ಯಾವಾಗ ಬೇಕಾದರೂ ಬರುತ್ತದೆ, ಹಳೇ ಬೀದಿಗಳ ಅಂಗಡಿಗಳ ಮುಂದೆ ಸಾಲಾಗಿ ಜಗಲಿ ಇರೋದರಿಂದ ನೆನೆಯದೆ ನಡೆಯಬಹುದು. ಕಾರು ಬೇಕಾದಾಗ ಆ್ಯಪ್‌ನಲ್ಲಿ ಮಾಮೂಲಿ ಟ್ಯಾಕ್ಸಿಯನ್ನೇ ಆರಿಸಿ. ಖಾಸಗಿ ಬಾಡಿಗೆ ಕಾರಿನಲ್ಲಿ ಇಷ್ಟು ಚಿಕ್ಕ ಮಕ್ಕಳಿಗೆ ಪ್ರತ್ಯೇಕ ಸೀಟು ಕಡ್ಡಾಯ, ಟ್ಯಾಕ್ಸಿಗೆ ಆ ನಿಯಮದಿಂದ ವಿನಾಯಿತಿ ಇದೆ. ಮಕ್ಕಳನ್ನು ಹಿಂದಿನ ಸೀಟಿನಲ್ಲೇ ಕೂರಿಸಿ. ನಿಮ್ಮ ಹೋಟೆಲ್ ಯಾವ ಕಡೆ ಅಂತ ತಿಳಿಸಿದರೆ ಹತ್ತಿರದ ಮೈದಾನ ಯಾವುದು ಅಂತ ಹೇಳುತ್ತೇನೆ.