ಜೂಲಿಯಸ್ ಸುಮ್ನೆ ಕಥೆ ಹೇಳುವ ಮುದುಕ ಅಲ್ಲ

ಅಮೆರಿಕದ ಲೇಖಕ ಚಾರ್ಲ್ಸ್ ಚೆಸ್ನಟ್ ಕಥೆಗಳ ಜೂಲಿಯಸ್ ಬಿಳಿಯರನ್ನು ರಂಜಿಸುವ ಪಾತ್ರವಷ್ಟೇ ಅಲ್ವಾ ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ.

1887ರ ‘ದ ಗೂಫರ್ಡ್ ಗ್ರೇಪ್‌ವೈನ್’ ಕಥೆಯನ್ನೇ ನೋಡಿ. ಉತ್ತರದಿಂದ ಬಂದ ಬಿಳಿಯ ಜಾನ್, ನಾರ್ತ್ ಕ್ಯಾರೊಲಿನಾದಲ್ಲಿ ದ್ರಾಕ್ಷಿ ತೋಟ ಕೊಳ್ಳಲು ಹೊರಟಿದ್ದಾನೆ. ಹಿಂದೆ ಗುಲಾಮನಾಗಿದ್ದ ಜೂಲಿಯಸ್, ತೋಟಕ್ಕೆ ಮಾಟವಾಗಿದೆ ಎಂದು ಕಥೆ ಶುರು ಮಾಡುತ್ತಾನೆ. ಆ ಹಣ್ಣು ತಿಂದ ಹೆನ್ರಿ ಎಂಬ ಗುಲಾಮ, ಬಳ್ಳಿ ಚಿಗುರಿದಾಗ ಹುಡುಗನಂತಾಗುತ್ತಾನೆ, ಒಣಗಿದಾಗ ಸೊರಗುತ್ತಾನೆ. ಒಡೆಯ ಅವನನ್ನು ವಸಂತದಲ್ಲಿ 1,500 ಡಾಲರಿಗೆ ಮಾರಿ, ಸೊರಗಿದ ಮೇಲೆ 500ಕ್ಕೆ ವಾಪಸ್ ಕೊಳ್ಳುತ್ತಾನೆ. ವರ್ಷ ವರ್ಷವೂ ಇದೇ ವ್ಯಾಪಾರ! ಓದುವಾಗ ನಗು ಬರುತ್ತದೆ. ಆಮೇಲೆ ಹೊಟ್ಟೆಯೊಳಗೆ ಏನೋ ಚುಚ್ಚುತ್ತದೆ. ಮಾಟಕ್ಕಿಂತ ಒಡೆಯನ ಲೆಕ್ಕವೇ ಭಯ ಹುಟ್ಟಿಸುತ್ತದೆ.

ಜಾನ್‌ಗೆ ಇದು ಕೇಳಿಸುವುದೇ ಇಲ್ಲ. ತೋಟದ ಹಣ್ಣು ಮಾರಿ ಜೂಲಿಯಸ್ ದುಡ್ಡು ಮಾಡುತ್ತಿದ್ದ, ಅದಕ್ಕೇ ಈ ಕಥೆ ಕಟ್ಟಿದ ಎನ್ನುತ್ತಾನೆ. ಅದೂ ಸುಳ್ಳಲ್ಲ ಅನ್ನಿ. ಜಾನ್‌ದು ಅಚ್ಚುಕಟ್ಟು ಇಂಗ್ಲಿಷ್, ಜೂಲಿಯಸ್‌ನದು ಊರಿನ ಕಪ್ಪು ಜನರ ಆಡುಮಾತು. ಆಗಿನ ಓದುಗರಿಗೆ ಇಂಥ ಆಡುಮಾತಿನ ಕಥೆ ಜಾಸ್ತಿ ಇಷ್ಟ. ಸ್ವತಃ ಕಪ್ಪು ಮೂಲದ ಚೆಸ್ನಟ್ ಅದೇ ಅಚ್ಚಿನೊಳಗೆ ಗುಲಾಮಗಿರಿಯನ್ನು ತಂದಿಟ್ಟರು.

ಮುಂದೆ ಜೂಲಿಯಸ್‌ನ ಇನ್ನೊಂದು ಕಥೆ ‘ಪೋ ಸ್ಯಾಂಡಿ’ ಓದಿ. ಅಲ್ಲಿ ಜಾನ್ ಅಲ್ಲ, ಅವನ ಹೆಂಡತಿ ಆ್ಯನಿ ಹೇಗೆ ಕೇಳಿಸಿಕೊಳ್ಳುತ್ತಾಳೆ ಗಮನಿಸಿ.