ಓದುಗರ ಪ್ರಶ್ನೆ: ವರ್ಜೀನಿಯಾ ಗೆದ್ದವರು ವಾಷಿಂಗ್ಟನ್ನನ್ನೂ ಗೆಲ್ಲುತ್ತಾರಾ?

ಪ್ರಶ್ನೆ: 2025ರ ನವೆಂಬರ್‌ನಲ್ಲಿ ಅಮೆರಿಕದ ವರ್ಜೀನಿಯಾ, ನ್ಯೂಜೆರ್ಸಿ ಎರಡೂ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷವೇ ಗವರ್ನರ್ ಹುದ್ದೆ (ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಗೆದ್ದಿತು. 2026ರ ನವೆಂಬರ್ 3ರ ಸಂಸತ್ ಚುನಾವಣೆಯೂ ಅವರದ್ದೇ ಎಂದು ಈಗಲೇ ಹೇಳಬಹುದೇ? (ಸರಸ್ವತಿಪುರಂ, ಮೈಸೂರು)

ಗಾಳಿ ಯಾವ ಕಡೆಗೆ ಎಂದು ಹೇಳಬಹುದು, ಎಷ್ಟು ಜೋರು ಎಂದು ಹೇಳಲಾಗದು. ಗಾಳಿಯ ದಿಕ್ಕು ತಿಳಿಯುವುದಕ್ಕೂ ವರ್ಜೀನಿಯಾದ ಫಲಿತಾಂಶವೇ ಬೇಕೆಂದಿಲ್ಲ.

ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಬರುವ ಈ ಮಧ್ಯಾವಧಿ ಚುನಾವಣೆಯಲ್ಲಿ ಕೆಳಮನೆಯ 435 ಸ್ಥಾನಗಳಿಗೂ, ಮೇಲ್ಮನೆಯಾದ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ ಮತದಾನ ನಡೆಯುತ್ತದೆ. ಎರಡನೇ ಮಹಾಯುದ್ಧದ ನಂತರ 2022ರವರೆಗೆ 1998 ಮತ್ತು 2002 ಬಿಟ್ಟರೆ ಪ್ರತಿ ಬಾರಿಯೂ ಅಧ್ಯಕ್ಷರ ಪಕ್ಷ ಕೆಳಮನೆಯಲ್ಲಿ ಸ್ಥಾನ ಕಳೆದುಕೊಂಡಿದೆ. ಈಗಿನ ಅಧ್ಯಕ್ಷ ಟ್ರಂಪ್ ರಿಪಬ್ಲಿಕನ್. ವರ್ಜೀನಿಯಾದ್ದೂ ಅದೇ ಚಾಳಿ. 1977ರಿಂದ 2025ರವರೆಗಿನ 13 ಗವರ್ನರ್ ಚುನಾವಣೆಗಳಲ್ಲಿ 12 ಸಲ ಅಧ್ಯಕ್ಷರ ಎದುರು ಪಕ್ಷವೇ ಗೆದ್ದಿದೆ, 2013 ಒಂದೇ ಅಪವಾದ. ಎರಡೂ ಹೆಚ್ಚುಕಡಿಮೆ ಯಾವಾಗಲೂ ಒಂದೇ ಕಡೆ ವಾಲುವಾಗ, ವರ್ಜೀನಿಯಾ ಮಧ್ಯಾವಧಿಯ ಫಲವನ್ನು ಮುಂಚೆಯೇ ಹೇಳಿತು ಅನ್ನುವುದರಲ್ಲಿ ಹುರುಳಿಲ್ಲ.

ಭವಿಷ್ಯ ನಿಜಕ್ಕೂ ಬೇಕಾಗಿದ್ದ ಎರಡು ವರ್ಷಗಳಲ್ಲಿ ಈ ರಾಜ್ಯಗಳು ದಾರಿ ತಪ್ಪಿಸಿದವು. ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ, 1997ರಲ್ಲಿ ಎರಡನ್ನೂ ರಿಪಬ್ಲಿಕನ್ನರು ಗೆದ್ದರು. ಮರುವರ್ಷ ಕೆಳಮನೆಯಲ್ಲಿ 5 ಸ್ಥಾನ ಹೆಚ್ಚಿಸಿಕೊಂಡದ್ದು ಕ್ಲಿಂಟನ್ ಪಕ್ಷ. 2001ರಲ್ಲಿ ಎರಡನ್ನೂ ಡೆಮಾಕ್ರಟರು ಗೆದ್ದರು, 2002ರಲ್ಲಿ ಲಾಭವಾದದ್ದು ಬುಷ್ ಅವರ ರಿಪಬ್ಲಿಕನ್ ಪಕ್ಷಕ್ಕೆ.

ಇನ್ನು ಗೆಲುವಿನ ಅಂತರ. ಬೈಡನ್ 2020ರಲ್ಲಿ ವರ್ಜೀನಿಯಾವನ್ನು ಸುಮಾರು ಶೇ 10 ಮತಗಳ ಅಂತರದಿಂದ ಗೆದ್ದಿದ್ದರು. ಮರುವರ್ಷ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಗ್ಲೆನ್ ಯಂಗ್‌ಕಿನ್ ಶೇ 2ರಿಂದ ಗೆದ್ದರು. ಅಂದರೆ ಹೊರಳಿಕೆ 12. ಅಷ್ಟಾದರೂ 2022ರಲ್ಲಿ ರಿಪಬ್ಲಿಕನ್ನರಿಗೆ ಹೆಚ್ಚಾಗಿ ದಕ್ಕಿದ್ದು 9 ಸ್ಥಾನ ಮಾತ್ರ. ಈಗ 2017 ನೋಡಿ. ಹಿಂದಿನ ವರ್ಷ ಹಿಲರಿ ಕ್ಲಿಂಟನ್ ಶೇ 5ರಿಂದ ಗೆದ್ದಿದ್ದ ವರ್ಜೀನಿಯಾವನ್ನು ಅವರದ್ದೇ ಡೆಮಾಕ್ರಟಿಕ್ ಪಕ್ಷದ ರಾಲ್ಫ್ ನಾರ್ಥಮ್ ಶೇ 9ರಿಂದ ಗೆದ್ದರು, ಹೊರಳಿಕೆ 4ಕ್ಕಿಂತ ಕಡಿಮೆ. ನ್ಯೂಜೆರ್ಸಿಯಲ್ಲಂತೂ ಅಂತರ ಕದಲಲೇ ಇಲ್ಲ. ಆದರೆ 2018ರಲ್ಲಿ ಡೆಮಾಕ್ರಟರಿಗೆ 40 ಸ್ಥಾನ ಹೆಚ್ಚಾಯಿತು. ದೊಡ್ಡ ಹೊರಳಿಕೆಗೆ ಸಣ್ಣ ಫಲ, ಸಣ್ಣ ಹೊರಳಿಕೆಗೆ ದೊಡ್ಡ ಫಲ. ನಡುವಿನ 12 ತಿಂಗಳಲ್ಲಿ ಏನು ಬೇಕಾದರೂ ಆಗಬಹುದು: 2022ರ ಜೂನ್‌ನಲ್ಲಿ ಗರ್ಭಪಾತದ ಹಕ್ಕನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಡೆಮಾಕ್ರಟ್ ಮತದಾರರನ್ನು ಮತಗಟ್ಟೆಗೆ ತಂದಿತು.

2025ರ ಲೆಕ್ಕವನ್ನೂ ಇದೇ ರೀತಿ ಹಾಕಿ. ಅಬಿಗೇಲ್ ಸ್ಪಾನ್‌ಬರ್ಗರ್ ವರ್ಜೀನಿಯಾವನ್ನು ಸುಮಾರು ಶೇ 15ರಿಂದ ಗೆದ್ದರು. ಅಲ್ಲಿ 2024ರಲ್ಲಿ ಕಮಲಾ ಹ್ಯಾರಿಸ್ ಅವರ ಮುನ್ನಡೆ ಸುಮಾರು 6 ಇತ್ತು. ಹೊರಳಿಕೆ 9. ಈ 9ನ್ನು ಇಡೀ ದೇಶದ ಮೇಲೆ ಹರಡಿ ಸ್ಥಾನ ಎಣಿಸುವವರ ಮಾತು ನಂಬಬೇಡಿ.

ಪ್ರಶ್ನೆ: ನಮ್ಮಲ್ಲಿ ವಿಧಾನಸಭೆಗೊಂದು, ಲೋಕಸಭೆಗೊಂದು ಎಂದು ಜನ ಬೇರೆ ಬೇರೆಯಾಗಿ ಮತ ಹಾಕುತ್ತಾರೆ. ಅಲ್ಲಿ ಹಾಗಿಲ್ಲವೇ? (ಮದ್ದೂರು)

ಮಂಡ್ಯದವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 2018ರ ಮೇ ತಿಂಗಳಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನಗಳು ಜೆಡಿಎಸ್‌ಗೆ ಬಂದವು. ಅದೇ ನವೆಂಬರ್‌ನ ಲೋಕಸಭಾ ಉಪಚುನಾವಣೆಯಲ್ಲಿ ಕಾಂಗ್ರೆಸ್ ಜೊತೆಗಿನ ಮೈತ್ರಿಯಲ್ಲಿ ಜೆಡಿಎಸ್ ಗೆದ್ದ ಅಂತರ 3.24 ಲಕ್ಷ. ಆರು ತಿಂಗಳೊಳಗೆ, 2019ರಲ್ಲಿ, ಬಿಜೆಪಿ ಬೆಂಬಲವಿದ್ದ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರು ನಿಖಿಲ್ ಕುಮಾರಸ್ವಾಮಿ ವಿರುದ್ಧ 1.25 ಲಕ್ಷ ಮತಗಳಿಂದ ಗೆದ್ದರು. ಉಪಚುನಾವಣೆಗೆ ಬಂದವರು ಅರ್ಧಕ್ಕಿಂತ ತುಸು ಹೆಚ್ಚು ಮತದಾರರು, 2019ಕ್ಕೆ ಬಂದವರು ಸುಮಾರು ಶೇ 80. ಕಣದಲ್ಲಿದ್ದವರೂ ಬೇರೆ, ಅವರ ಬೆನ್ನಿಗೆ ನಿಂತವರೂ ಬೇರೆ. 2023ರಲ್ಲಿ ಈ ಎಂಟರಲ್ಲಿ ಆರು ಕಾಂಗ್ರೆಸ್‌ಗೆ ಹೋದವು, ಮರುವರ್ಷ ಎಚ್.ಡಿ. ಕುಮಾರಸ್ವಾಮಿ 2.84 ಲಕ್ಷ ಅಂತರದಿಂದ ಸಂಸದರಾದರು.

ಅಮೆರಿಕದಲ್ಲಿ ಕಣದಲ್ಲಿರುವುದು ಯಾವಾಗಲೂ ಅದೇ ಎರಡು ಪಕ್ಷ, ಮೈತ್ರಿಯ ಲೆಕ್ಕಾಚಾರವಿಲ್ಲ. ಹಾಗಾಗಿ ಇಷ್ಟು ದೊಡ್ಡ ಪಲ್ಟಿ ಅಪರೂಪ. ಆದರೆ ಬರುವ ಮತದಾರರು ಬದಲಾಗುವ ಸಮಸ್ಯೆ ಅಲ್ಲೂ ಇದೆ: ಮಧ್ಯಾವಧಿ ಮತದಾನ 2014ರಲ್ಲಿ ಸುಮಾರು ಶೇ 36, 2018ರಲ್ಲಿ ಸುಮಾರು ಶೇ 50.

ಪ್ರಶ್ನೆ: ಹಾಗಾದರೆ ಏನನ್ನು ನೋಡಬೇಕು? (ಕುವೆಂಪುನಗರ, ಮೈಸೂರು)

ಮೊದಲು ಅಧ್ಯಕ್ಷರ ಜನಪ್ರಿಯತೆ. ಅಪವಾದವಾದ 1998, 2002 ಎರಡರಲ್ಲೂ ಅದು ಶೇ 60ಕ್ಕೂ ಮೇಲಿತ್ತು. 63 ಸ್ಥಾನ ಕೈಬಿಟ್ಟ 2010ರಲ್ಲಿ ಒಬಾಮ ಅವರದ್ದು ಶೇ 45ರ ಆಸುಪಾಸು. ಆಮೇಲೆ, ತೆರವಾದ ಸ್ಥಾನಗಳ ಉಪಚುನಾವಣೆಗಳು. ಒಂದನ್ನೇ ಹಿಡಿದು ಕೂರಬಾರದು. ಪ್ರತಿಯೊಂದರ ಅಂತರದಿಂದ ಅದೇ ಕ್ಷೇತ್ರದ ಹಿಂದಿನ ಅಧ್ಯಕ್ಷ ಚುನಾವಣೆಯ ಅಂತರ ಕಳೆದು, ಎಲ್ಲದರ ಸರಾಸರಿ ತೆಗೆಯಬೇಕು. ಇದರಲ್ಲೂ ಒಂದು ಮೋಸವಿದೆ. ಕಡಿಮೆ ಜನ ಬರುವ ಚುನಾವಣೆಯಲ್ಲಿ ತಪ್ಪದೆ ಮತ ಹಾಕುವವರ ಪಕ್ಷ ದೊಡ್ಡದಾಗಿ ಕಾಣುತ್ತದೆ. 2023ರ ಉಪಚುನಾವಣೆಗಳಲ್ಲಿ ಮಿಂಚಿದ ಡೆಮಾಕ್ರಟರು 2024ರಲ್ಲಿ ಸೋತರು.

ಕ್ಷೇತ್ರಗಳ ಗಡಿಯನ್ನೂ ಮರೆಯಬೇಡಿ. 2025ರಲ್ಲಿ ಟೆಕ್ಸಾಸ್ ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚು ಸಿಗುವಂತೆ ನಕ್ಷೆ ಬದಲಿಸಿತು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಮತದಾರರು ಡೆಮಾಕ್ರಟರಿಗೆ ಅಷ್ಟೇ ಅನುಕೂಲವಾದ ನಕ್ಷೆಗೆ ಒಪ್ಪಿಗೆ ಕೊಟ್ಟರು. ಹಳೆಯ ನಕ್ಷೆಯ ಮೇಲೆ ಹಾಕಿದ ಲೆಕ್ಕ ಅಲ್ಲೆಲ್ಲ ಕೆಲಸಕ್ಕೆ ಬಾರದು.

ಪ್ರಶ್ನೆ: ಎಣಿಕೆ ನೋಡಲು ಎಷ್ಟು ಗಂಟೆಗೆ ಏಳಬೇಕು? (ವಿದ್ಯಾನಗರ, ಮಂಡ್ಯ)

ನವೆಂಬರ್ 4ರ ಬುಧವಾರ ಬೆಳಿಗ್ಗೆ 5.30ಕ್ಕೆ. ವರ್ಜೀನಿಯಾದಲ್ಲಿ ಆಗ ಸಂಜೆ 7, ಮತಗಟ್ಟೆ ಮುಚ್ಚುವ ಹೊತ್ತು. ನ್ಯೂಜೆರ್ಸಿಯದ್ದು ನಮ್ಮ 6.30ಕ್ಕೆ, ಕ್ಯಾಲಿಫೋರ್ನಿಯಾದ್ದು 9.30ಕ್ಕೆ. ಅಲ್ಲಿ ಅಂಚೆ ಮತಗಳು ಹೆಚ್ಚಾದ್ದರಿಂದ ಎಣಿಕೆ ದಿನಗಟ್ಟಲೆ ಎಳೆಯುತ್ತದೆ. 2022ರಲ್ಲಿ ಮತದಾನ ಮುಗಿದು ಎಂಟು ದಿನವಾದ ಮೇಲೆ, ನವೆಂಬರ್ 16ರಂದು, ಕೆಳಮನೆ ಯಾರದ್ದು ಎಂಬುದು ಖಚಿತವಾಯಿತು.